ಕ್ರೇನಿನ ಗ್ಲಾಫಿರಾ ಕಂಡ ಸಾಲು

ಗ್ಲಾಫಿರಾ ಮೊದಲ ಸಲ ಆಲ್ಯಾಳನ್ನು ಮಾತಾಡಿಸಿದ್ದು ಫೆಬ್ರವರಿಯ ಒಂದು ಭಾನುವಾರ, ಹಗಲಿನ ಬ್ಯಾಲೆ ಮುಗಿದ ಮೇಲೆ, ಥಿಯೇಟರಿನ ಹಿಂಬಾಗಿಲಲ್ಲಿ. ಆಗ ಮಧ್ಯಾಹ್ನ ಮೂರು ಗಂಟೆ. ಕಾಮಾ ನದಿಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಹಿಮದ ಹುಡಿ ಎದ್ದು ಕಣ್ಣಿಗೆ ಚುಚ್ಚುತ್ತಿತ್ತು. ಬಾಗಿಲ ಮುಂದೆ ಎಂದಿನಂತೆ ಮೂವತ್ತು ಜನ ಹೂ ಹಿಡಿದು ನಿಂತಿದ್ದರು. ಪ್ರಧಾನ ನರ್ತಕಿ ತುಪ್ಪಳದ ಟೋಪಿ ಹಾಕಿಕೊಂಡು ಹೊರಬಂದಳು, ಕೈತುಂಬ ಹೂ ತುಂಬಿಕೊಂಡಳು, ನಕ್ಕಳು, ಕಾರು ಹತ್ತಿದಳು. ಅವಳ ಹಿಂದೆಯೇ ಜನವೂ ಕರಗಿತು. ಉಳಿದವಳು ಗ್ಲಾಫಿರಾ ಒಬ್ಬಳೇ. ಅವಳ ಕೋಟಿನ ಒಳಗೆ, ಚಳಿ ತಾಗಬಾರದೆಂದು ಎರಡು ಸುತ್ತು ಪತ್ರಿಕೆಯ ಕಾಗದದಲ್ಲಿ ಸುತ್ತಿದ ಮೂರು ಕಾರ್ನೇಷನ್ ಹೂಗಳಿದ್ದವು.

ಆಮೇಲೆ ಗುಂಪಿನಲ್ಲಿ ಕುಣಿಯುವ ಹುಡುಗಿಯರು ಇಬ್ಬರು ಮೂವರಾಗಿ ಬರತೊಡಗಿದರು. ಎಲ್ಲರೂ ಮೂಗಿನವರೆಗೆ ಉಣ್ಣೆಯ ಶಾಲು ಸುತ್ತಿಕೊಂಡವರೇ. ಮುಖ ಕಂಡಿದ್ದರೂ ಗ್ಲಾಫಿರಾಗೆ ಉಪಯೋಗವಿರಲಿಲ್ಲ, ಏಕೆಂದರೆ ಅವಳು ಇವರನ್ನು ಯಾವತ್ತೂ ನೋಡುತ್ತಿದ್ದದ್ದು ಮೂರನೇ ಅಂತಸ್ತಿನಿಂದ. ಅಲ್ಲಿಂದ ಕಾಣುವುದು ನೆತ್ತಿ, ಹೆಗಲು, ಪಾದ. ಆದ್ದರಿಂದ ಅವಳು ನಡಿಗೆಯನ್ನು ನೋಡುತ್ತ ನಿಂತಳು. ಹನ್ನೊಂದನೆಯವಳು ಒಬ್ಬಳೇ ಬಂದಳು. ಪುಟ್ಟ ಆಳು. ಕೈಯ ಬಲೆಚೀಲದಲ್ಲಿ ಒಂದು ಹಾಲಿನ ಬಾಟಲಿ, ಅರ್ಧ ಕರಿ ಬ್ರೆಡ್ಡು. ಎಡಪಾದವನ್ನು ಕೂದಲೆಳೆಯಷ್ಟು ಹೆಚ್ಚು ಹೊರಗೆ ತಿರುಗಿಸಿ ಇಡುತ್ತಿದ್ದಳು. ಗ್ಲಾಫಿರಾ ಅಡ್ಡ ಹೋಗಿ ನಿಂತಳು.

"ನೀರಿನ ಪಕ್ಕ ನಿಲ್ಲೋಳು ನೀನೇ ತಾನೇ? ಎಡಗಡೆ ಕೊನೇದು?"

ಹಂಸಗಳ ಬ್ಯಾಲೆಯಲ್ಲಿ ಸರೋವರ ಇರುವುದು ಹಿಂದಿನ ಪರದೆಯ ಮೇಲೆ, ಬಣ್ಣದಲ್ಲಿ. ಆ ಪರದೆಗೆ ತಾಗಿದಂತೆ ಕೊನೆಯ ಸಾಲಿನಲ್ಲಿ ಕುಣಿಯುವವರಿಗೆ ನೀರಿನ ಪಕ್ಕದವರು ಎಂದು ಹೆಸರು. ಹೊಸ ಹುಡುಗಿಯರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಎರಡು ಮೂರು ವರ್ಷದಲ್ಲಿ ಮುಂದೆ ಬರುವವರು ಬರುತ್ತಾರೆ, ಉಳಿಯುವವರು ಅಲ್ಲೇ ಉಳಿಯುತ್ತಾರೆ.

ಹುಡುಗಿ ಶಾಲನ್ನು ಬಾಯಿಂದ ಸರಿಸಿದಳು. "ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಾನೇ ನೋಡ್ದೆ. ಎರಡನೇ ಅಂಕದಲ್ಲಿ ನಿನ್ನ ಪಕ್ಕದೋಳು ಒಂದು ಗೇಣು ಹಿಂದುಳಿದ್ಲು. ನೀನು ನಿನ್ನ ಜಾಗ ಬಿಟ್ಟು ಒಂದು ಗೇಣು ಹಿಂದಕ್ಕೆ ಸರಿದೆ."

ಅದರಿಂದಲೇ ಸಾಲು ಉಳಿಯಿತು ಎಂದು ಹೇಳುವುದು ಗ್ಲಾಫಿರಾಳ ಮನಸ್ಸಿನಲ್ಲಿತ್ತು. ಆ ಮಾತು ಬಾಯಿಗೆ ಬರುವ ಮೊದಲೇ ಹುಡುಗಿಯ ಮುಖ ಸುಣ್ಣದ ಹಾಗೆ ಬಿಳುಪೇರಿತು.

"ನಿಮ್ಮನ್ನ ಯೆವ್ಗೇನಿಯಾ ಮೊದೆಸ್ತೊವ್ನಾ ಕಳಿಸಿದ್ರಾ?"

"ಅದ್ಯಾರು?"

"ಗೊತ್ತಿಲ್ಲದವರ ಥರ ಆಡ್ಬೇಡಿ. ಒಂದೇ ಒಂದು ಗೇಣು. ಅದನ್ನೂ ಅಳೆಯೋಕೆ ಜನ ಇಟ್ಟಿದಾರಾ ಈಗ?"

"ಅಯ್ಯೋ, ಇಲ್ಲಿ ನೋಡು, ಈ ಹೂವು..."

"ಯಾರಿಗೆ ತಂದಿದೀರೋ ಅವರಿಗೇ ಕೊಡಿ." ಏಳನೇ ನಂಬರಿನ ಟ್ರಾಮ್ ಮೂಲೆ ತಿರುಗಿತು. ಹುಡುಗಿ ಬಲೆಚೀಲವನ್ನು ಎದೆಗವಚಿಕೊಂಡು ಓಡಿ ಹತ್ತಿಬಿಟ್ಟಳು.

ಗ್ಲಾಫಿರಾ ಹೂಗಳನ್ನು ಹಾಸ್ಟೆಲಿಗೆ ಒಯ್ದು ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಇಟ್ಟಳು. ಯೆವ್ಗೇನಿಯಾ ಮೊದೆಸ್ತೊವ್ನಾ ಎಂದರೆ ತಂಡವನ್ನು ತಿದ್ದುವ ಹಿರಿಯ ಶಿಕ್ಷಕಿ, ಹುಡುಗಿಯರ ಪಾಲಿಗೆ ಗುಡುಗು ಸಿಡಿಲು ಎರಡೂ ಅವಳೇ ಎಂಬುದು ಅವಳಿಗೆ ತಿಳಿದದ್ದು ಮೂರು ತಿಂಗಳಾದ ಮೇಲೆ.

ಗ್ಲಾಫಿರಾ ತೆರೆಂತ್ಯೆವ್ನಾ ವೋತಿನೊವಾ ಹುಟ್ಟಿದ್ದು ನದಿಯ ಮೇಲ್ದಂಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಮರದ ದಿಮ್ಮಿಗಳನ್ನು ಕಟ್ಟಿ ನದಿಯಲ್ಲಿ ತೇಲಿಸುವವನು. ಹದಿನೇಳಕ್ಕೆ ಅವಳು ಈ ಸ್ತಾರೊಕಾಮ್ಸ್ಕ್ ಪಟ್ಟಣಕ್ಕೆ ಬಂದು ಎಂಜಿನ್ ಕಾರ್ಖಾನೆ ಸೇರಿದಳು. ಎರಡು ವರ್ಷ ನೆಲ ಗುಡಿಸಿದಳು, ಆಮೇಲೆ ಕ್ರೇನು ಕಲಿತಳು. ನಾಲ್ಕನೇ ವಿಭಾಗದ ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ಕ್ರೇನು. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಗೂಡಿನಂಥ ಕೋಣೆಯಲ್ಲಿ ಕೂತರೆ ಊಟದ ಗಂಟೆಯವರೆಗೂ ಇಳಿಯುವ ಹಾಗಿಲ್ಲ. ಕೆಳಗೆ ಯಂತ್ರಗಳ ಗದ್ದಲ. ಅಲ್ಲಿ ಕೂಗಿದರೆ ಯಾರಿಗೂ ಕೇಳದು. ಸರಕಿಗೆ ಸರಪಳಿ ಬಿಗಿಯುವ ಸವೇಲಿ ಕುಜ್ಮಿಚ್ ಕೈಸನ್ನೆ ಮಾಡುತ್ತಾನೆ, ಇವಳು ನೋಡಿ ನಡೆಸುತ್ತಾಳೆ. ಅಂಗೈ ಮೇಲೆ ಮಾಡಿ ಕೈಯೆತ್ತಿದರೆ ಎತ್ತು ಎಂದರ್ಥ. ಅಂಗೈ ಕೆಳಗೆ ಮಾಡಿ ಅಡ್ಡಡ್ಡ ಬೀಸಿದರೆ ನಿಲ್ಲು. ನಾಲ್ಕು ಟನ್ನಿನ ಎಂಜಿನ್ನು ಒಂದು ಬೆರಳಷ್ಟು ತೂಗಾಡಿದರೂ ಕೆಳಗಿನವನ ಜೀವಕ್ಕೆ ಕುತ್ತು ಬರುತ್ತದೆ. ಹಾಗಾಗಿ ಅವಳ ಕಣ್ಣು ಬೆರಳಷ್ಟು ಅಂತರವನ್ನೂ ಬಿಡುತ್ತಿರಲಿಲ್ಲ.

ಅವಳು ಥಿಯೇಟರಿಗೆ ಮೊದಲು ಹೋದದ್ದು ಆಸೆಪಟ್ಟಲ್ಲ. ಕಾರ್ಮಿಕ ಸಂಘದವರು ಟಿಕೆಟು ಹಂಚಿದಾಗ ಯಾರಿಗೂ ಬೇಡವಾದದ್ದು ಮೂರನೇ ಅಂತಸ್ತಿನ ಕೊನೆಯ ಬೆಂಚು. ಹಾಸ್ಟೆಲಿನಲ್ಲಿ ಆ ವಾರ ಬಿಸಿನೀರಿನ ಕೊಳವೆ ಒಡೆದಿತ್ತು, ಥಿಯೇಟರು ಬೆಚ್ಚಗಿತ್ತು. ಕೈಚೀಲದಲ್ಲಿ ಒಳ್ಳೆಯ ಚಪ್ಪಲಿ ಇಟ್ಟುಕೊಂಡು ಹೋಗಿ, ಬೂಟು ಬಿಚ್ಚಿ ಬದಲಿಸಿ, ಕೋಟು ಒಪ್ಪಿಸಿ, ಏಣಿ ಹತ್ತಿದ ಹಾಗೆಯೇ ಮೆಟ್ಟಿಲು ಹತ್ತಿದಳು. ಮೇಲೆ ಕೂತು ಕೆಳಗೆ ನೋಡಿದಾಗ ಅವಳಿಗೆ ನಗು ಬಂತು. ಇದು ತನ್ನ ಜಾಗವೇ. ಎತ್ತರವೂ ಅಷ್ಟೇ.

ಪಕ್ಕದವರೆಲ್ಲ ಬಾಡಿಗೆಯ ದುರ್ಬೀನು ಹಿಡಿದು ಮಧ್ಯದಲ್ಲಿದ್ದ ನಾಯಕಿಯ ಬೆನ್ನು ಹತ್ತಿದ್ದರು. ಗ್ಲಾಫಿರಾ ಮಾತ್ರ ಸುತ್ತ ಇದ್ದ ಇಪ್ಪತ್ತನಾಲ್ಕು ಬಿಳಿ ಹುಡುಗಿಯರನ್ನು ನೋಡಿದಳು. ಅವರು ಎರಡು ಸಾಲಾಗಿ ಎದುರುಬದುರು ಬಂದರು, ಮಗ್ಗದಲ್ಲಿ ನೂಲು ಹಾಯುವಂತೆ ಒಂದರೊಳಗೊಂದು ಹಾದುಹೋದರು. ಒಬ್ಬರ ತೋಳೂ ಇನ್ನೊಬ್ಬರ ತೋಳಿಗೆ ತಾಗಲಿಲ್ಲ. ಒಂದು ವೃತ್ತವಾದರು, ಒಡೆದು ನಾಲ್ಕು ಗೆರೆಯಾದರು. ಎಲ್ಲ ತಲೆಗಳೂ ಒಂದೇ ಕಡೆ ಬಾಗಿದಾಗ ಗಾಳಿಗೆ ಜೋಳದ ಹೊಲ ಬಾಗಿದಂತಾಯಿತು. ಕೆಳಗಿನ ದುಬಾರಿ ಕುರ್ಚಿಯವರಿಗೆ ಮುಂದಿನ ಸಾಲಿನ ಬೆನ್ನ ಹಿಂದೆ ಏನೂ ಕಾಣದು. ಈ ಚಿತ್ರ ಪೂರ್ತಿ ಸಿಗುವುದು ಅಗ್ಗದ ಬೆಂಚಿನವರಿಗೆ ಮಾತ್ರ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಅಷ್ಟು ಸರಕು ಅಷ್ಟು ನಯವಾಗಿ ಚಲಿಸಿದ್ದನ್ನು ಅವಳು ಕಾರ್ಖಾನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅಂದಿನಿಂದ ತಿಂಗಳಿಗೆ ಮೂರು ಸಲ, ನಾಲ್ಕು ಸಲ. ನಾಲ್ಕನೆಯ ವರ್ಷಕ್ಕೆ ಅವಳಿಗೆ ಇನ್ನೊಂದು ಗೊತ್ತಾಯಿತು. ಪ್ರತಿ ಸಾಲಿಗೂ ಒಬ್ಬಳು ಇರುತ್ತಾಳೆ, ಉಳಿದವರು ತಿಳಿದೋ ತಿಳಿಯದೆಯೋ ಅವಳಿಂದ ಅಂತರ ತೆಗೆದುಕೊಳ್ಳುತ್ತಾರೆ. ಕೊನೆಯ ಸಾಲಿನಲ್ಲಿ ಅವಳು ಎಡತುದಿಯ ಹೊಸ ಹುಡುಗಿ. ಅವಳು ಇದ್ದ ದಿನ ನಾಲ್ಕೂ ಸಾಲು ನೂಲು ಹಿಡಿದಂತೆ ಇರುತ್ತಿದ್ದವು. ಜ್ವರದಿಂದ ಅವಳು ಬಾರದ ವಾರ ಯಾವುದೂ ತಪ್ಪಲಿಲ್ಲ, ಆದರೂ ಏನೋ ಸಡಿಲ. ಗೊತ್ತಾದದ್ದನ್ನು ಹೇಳದೆ ಇರುವುದು ಕಳ್ಳತನ ಎಂದು ಗ್ಲಾಫಿರಾಗೆ ಅನ್ನಿಸಿತು. ಆದ್ದರಿಂದಲೇ ಅವಳು ಹೂ ಕೊಂಡಳು. ಹೂ ಕೈಯಲ್ಲೇ ಉಳಿದದ್ದು, ಹೇಳಬೇಕಾದದ್ದು ಗಂಟಲಲ್ಲಿ ಉಳಿದದ್ದು ಆಗಲೇ ಹೇಳಿಯಾಯಿತು.

ಆ ಮೂರು ತಿಂಗಳು ಹುಡುಗಿ ಇವಳನ್ನು ಕಂಡರೆ ಬೇರೆ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದಳು. ಮೇ ತಿಂಗಳ ಒಂದು ಭಾನುವಾರ ಅವಳೇ ನೇರ ಎದುರಿಗೆ ಬಂದು ನಿಂತಳು. ಕಿವಿ ಕೆಂಪಾಗಿತ್ತು.

"ನೀವು ಗೂಢಚಾರಿ ಅಲ್ವಂತೆ."

"ಯಾರು ಹೇಳಿದ್ದು?"

"ಯೆವ್ಗೇನಿಯಾ ಮೊದೆಸ್ತೊವ್ನಾನೇ. ನೆನ್ನೆ ಅಭ್ಯಾಸದಲ್ಲಿ ನನ್ನ ಬೈದ್ರು. ನಿಮ್ಮ ಹೆಂಗಸು ಹೇಳಿದ್ಲಾ ಅಂತ ಕೇಳೇಬಿಟ್ಟೆ. ಯಾವ ಹೆಂಗಸು ಅಂದ್ರು. ಕಾರ್ಖಾನೆ ಕೋಟು ಹಾಕ್ಕೊಂಡು ಹಿಂಬಾಗಿಲಲ್ಲಿ ನಿಲ್ತಾಳಲ್ಲ ಅವಳು ಅಂದೆ. ನನಗೆ ದೇವರು ಕೊಟ್ಟ ಎರಡು ಕಣ್ಣಿದೆ, ಮೂರನೇದಕ್ಕೆ ಯಾಕೆ ಅನ್ನ ಹಾಕ್ಲಿ ಅಂದ್ರು."

ಗ್ಲಾಫಿರಾ ನಕ್ಕಿದ್ದಕ್ಕೆ ಬಾಗಿಲ ಕಾವಲಿನ ಮುದುಕ ತಲೆ ಹೊರಹಾಕಿ ನೋಡಿದ. "ಹೆಸರೇನೇ ನಿಂದು?"

"ಅಲೆವ್ತೀನಾ. ಅಲೆವ್ತೀನಾ ಬುರ್ದಿನಾ. ಆಲ್ಯಾ ಅನ್ನಿ."

ಇಬ್ಬರೂ ಮೂಲೆಯ ಚಹದ ಅಂಗಡಿಗೆ ಹೋಗಿ ಎಲೆಕೋಸಿನ ಕಡುಬು ತೆಗೆದುಕೊಂಡರು. ಅಷ್ಟೆತ್ತರದಿಂದ ನಿಮಗೆ ಏನು ಕಾಣುತ್ತೆ ಎಂದು ಆಲ್ಯಾ ಕೇಳಿದಳು. ಗ್ಲಾಫಿರಾ ಸಕ್ಕರೆಗಟ್ಟಿಗಳ ಬಟ್ಟಲನ್ನು ಮೇಜಿನ ಮೇಲೆ ಸುರುವಿ, ಇಪ್ಪತ್ತನಾಲ್ಕು ತುಂಡುಗಳನ್ನು ನಾಲ್ಕು ಸಾಲಾಗಿ ಜೋಡಿಸಿದಳು. ಕೊನೆಯ ಸಾಲಿನ ಎಡತುದಿಯ ತುಂಡಿನ ಮೇಲೆ ಬೆರಳಿಟ್ಟಳು.

"ಇದು ನೀನು. ಇದನ್ನ ತೆಗೆದೆ ಅಂದ್ಕೋ. ಇವಳಿಗೆ ಇಲ್ಲಿಂದ ಆಚೆ ಎಷ್ಟು ಜಾಗ ಅಂತ ಗೊತ್ತಾಗಲ್ಲ. ಇವಳು ಸರೀತಾಳೆ, ಅವಳ ಮುಂದಿನೋಳೂ ಸರೀತಾಳೆ. ಕೊನೆಗೆ ಇಲ್ಲಿ ಮುಂದೆ ನಿಂತಿರೋ ಮಹಾರಾಣಿಗೆ ತಿರುಗೋಕೆ ಜಾಗ ಕಡಿಮೆ. ಅವಳಿಗೆ ಕಾರಣ ಗೊತ್ತಾಗಲ್ಲ, ವಾದ್ಯಮೇಳದವರನ್ನ ಬೈತಾಳೆ."

ಆಲ್ಯಾ ತುಂಬ ಹೊತ್ತು ಆ ತುಂಡುಗಳನ್ನೇ ನೋಡಿದಳು. "ನನ್ನಮ್ಮನೂ ನನ್ನನ್ನ ವೇದಿಕೆ ಮೇಲೆ ಗುರುತು ಹಿಡಿಯಲ್ಲ, ಗೊತ್ತಾ? ಪ್ರತಿ ಸಲ ತಪ್ಪು ಹುಡುಗಿಗೆ ಕೈ ಬೀಸ್ತಾಳೆ."

"ನಿಮ್ಮಮ್ಮ ಕೆಳಗೆ ಕೂರ್ತಾಳೆ."

"ಹೌದು, ಐದನೇ ಸಾಲು."

"ಮೇಲೆ ಕಳಿಸು. ನಾನು ತೋರಿಸ್ತೀನಿ."

ಹದಿನೇಳು ವರ್ಷ ಹೀಗೆಯೇ ನಡೆಯಿತು. ಆಲ್ಯಾ ಮುಂದಿನ ಸಾಲಿಗೆ ಬರಲಿಲ್ಲ. ಅವಳು ಮುಂದೆ ಬಂದರೆ ಹಿಂದೆ ಸಾಲು ಹಿಡಿಯುವವರು ಇಲ್ಲ ಎಂಬುದು ಯೆವ್ಗೇನಿಯಾ ಮೊದೆಸ್ತೊವ್ನಾಳಿಗೂ ತಿಳಿದಿತ್ತು. ಆದರೆ ಒಂದು ದೃಶ್ಯದಲ್ಲಿ ಮಾತ್ರ ಆಲ್ಯಾ ಎಲ್ಲರಿಗಿಂತ ಮೊದಲು. ಇನ್ನೊಂದು ಬ್ಯಾಲೆಯಲ್ಲಿ ಬರುವ ಸತ್ತವರ ಲೋಕದ ದೃಶ್ಯ ಅದು. ಕತ್ತಲ ಬೆಟ್ಟದ ಇಳಿಜಾರಿನಿಂದ ಬಿಳಿ ನೆರಳುಗಳು ಒಂದೊಂದಾಗಿ ಇಳಿಯುತ್ತವೆ. ಮೊದಲ ನೆರಳು ಬಂದು ಒಂದು ಕಾಲನ್ನು ಹಿಂದಕ್ಕೆ ಚಾಚಿ ಮುಂದೆ ಬಾಗುತ್ತದೆ, ಎದ್ದು ತೋಳೆತ್ತುತ್ತದೆ, ಎರಡು ಹೆಜ್ಜೆ ಇಡುತ್ತದೆ. ಅಷ್ಟರಲ್ಲಿ ಹಿಂದೆ ಎರಡನೆಯದು. ಇಪ್ಪತ್ತನಾಲ್ಕನೆಯದು ಬರುವ ಹೊತ್ತಿಗೆ ಮೊದಲಿನವಳು ಅದೇ ಭಂಗಿಯನ್ನು ಎಡೆಬಿಡದೆ ಮೂವತ್ತು ಸಲ ಮಾಡಿರುತ್ತಾಳೆ. ಅವಳು ಇಟ್ಟ ಅಂತರವೇ ಹಿಂದಿನವರಿಗೆಲ್ಲ ಅಳತೆ. ಅದಕ್ಕಾಗಿ ಆಲ್ಯಾ. ಆಗಲೂ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗುತ್ತಿದ್ದದ್ದು 'ನೆರಳುಗಳು: ತಂಡದ ಕಲಾವಿದೆಯರು' ಎಂದಷ್ಟೆ.

ಇಪ್ಪತ್ತು ವರ್ಷ ಕುಣಿದವರಿಗೆ ಪಿಂಚಣಿ. ಆಲ್ಯಾಳ ಸರದಿ ಬಂತು. ಅವಳ ಕೊನೆಯ ಕುಣಿತ ಜೂನ್ ತಿಂಗಳಲ್ಲಿ, ಋತುವಿನ ಕೊನೆಯ ಹಗಲಿನ ಪ್ರದರ್ಶನ, ನೆರಳುಗಳದ್ದೇ ಬ್ಯಾಲೆ.

"ಆಮೇಲೆ ಏನು ಮಾಡ್ತಾರೆ ನಿಂಗೆ?" ಎಂದು ಗ್ಲಾಫಿರಾ ಅದೇ ಚಹದ ಅಂಗಡಿಯಲ್ಲಿ ಕೇಳಿದಳು.

"ಬಟ್ಟೆ ಬದಲಿಸೋ ಕೋಣೇಲಿ ಒಂದು ಕೇಕು. ಸಂಘದಿಂದ ಗೋಡೆ ಗಡಿಯಾರ."

"ವೇದಿಕೆ ಮೇಲೆ?"

"ವೇದಿಕೆ ಮೇಲೆ ನಮಗೇನಿರುತ್ತೆ, ತೆರೆಂತ್ಯೆವ್ನಾ? ಎಲ್ಲರ ಜೊತೆ ನಮಸ್ಕಾರ ಮಾಡ್ತೀನಿ, ಪರದೆ ಬೀಳುತ್ತೆ." ಅವಳು ನಕ್ಕಳು, ಆದರೆ ಚಹದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತಳು. "ಒಂದು ಸಲ ಹೇಗಿರುತ್ತೋ ಅಂತ ಅನ್ಸುತ್ತೆ, ಅಷ್ಟೇ. ಪರದೆ ಮುಂದೆ."

ಪರದೆಯ ಮುಂದೆ ಒಂದೇ ಒಂದು ನಮಸ್ಕಾರ. ಅದನ್ನು ಕೊಡಿಸಲೇಬೇಕು ಎಂದು ಗ್ಲಾಫಿರಾ ಆ ಮೇಜಿನಿಂದ ಏಳುವ ಮೊದಲೇ ತೀರ್ಮಾನಿಸಿದಳು.

ಮೊದಲು ಹೋದದ್ದು ಸಭಾಂಗಣದ ಮೇಲ್ವಿಚಾರಕಿ ಕಪಿತೋಲಿನಾ ಲ್ವೊವ್ನಾಳ ಬಳಿಗೆ. ವೇದಿಕೆಗೆ ಹೂ ಒಯ್ಯುವವರು ಅವಳ ಕೈಕೆಳಗಿನವರೇ. ಹೂವಿಗೆ ಚೀಟಿ ಇರಬೇಕು, ಚೀಟಿಯ ಹೆಸರು ಕಾರ್ಯಕ್ರಮದ ಹಾಳೆಯಲ್ಲಿ ಇರಬೇಕು.

"ಬುರ್ದಿನಾ? ಹಾಳೇಲಿ ಇಲ್ವಲ್ಲ."

"ಇಪ್ಪತ್ತು ವರ್ಷದಿಂದ ವೇದಿಕೆ ಮೇಲಿದಾಳೆ."

"ನಾನೂ ಮೂವತ್ತು ವರ್ಷದಿಂದ ಈ ಬಾಗಿಲಲ್ಲಿದೀನಿ. ನಂಗ್ಯಾರು ಹೂವು ತಂದ್ರು?"

ಆಮೇಲೆ ಯೆವ್ಗೇನಿಯಾ ಮೊದೆಸ್ತೊವ್ನಾ. ಎಪ್ಪತ್ತು ದಾಟಿದ, ಕೋಲಿನಂತೆ ನೆಟ್ಟಗೆ ಕೂತ ಹೆಂಗಸು, ಬೆರಳಲ್ಲಿ ದಪ್ಪ ಉಂಗುರ. ಎಲ್ಲವನ್ನೂ ಕೇಳಿಸಿಕೊಂಡಳು.

"ಅವಳೊಬ್ಬಳು ಮುಂದೆ ಬಂದ್ರೆ ಉಳಿದ ಇಪ್ಪತ್ಮೂರು ಜನಕ್ಕೆ ಏನು ಹೇಳ್ಲಿ?"

"ಅವರ ಕೊನೇ ದಿನ ಬಂದಾಗ ಅವರಿಗೋಸ್ಕರವೂ ನಾನೇ ಬರ್ತೀನಿ ಅಂತ ಹೇಳಿ."

ಮುದುಕಿಯ ತುಟಿ ಅರ್ಧ ಕ್ಷಣ ಸಡಿಲವಾಯಿತು. "ನನ್ನ ಕೈಲಾಗಲ್ಲ. ಪರದೆ ಮುಂದೆ ಯಾರು ಬರ್ಬೇಕೋ ಅವರನ್ನ ಪ್ರೇಕ್ಷಕರು ಕರೀಬೇಕು, ನಾನಲ್ಲ. ಇನ್ನೊಂದು ಮಾತು. ನೀವು ಜನ ಸೇರಿಸೋರು ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಇಳಿಜಾರಿನ ಮೇಲೆ ಅವಳು ಒಂಟಿಕಾಲಲ್ಲಿರುವಾಗ ಯಾರಾದ್ರೂ ಚಪ್ಪಾಳೆ ತಟ್ಟಿದ್ರೆ ಅವಳು ಅಲ್ಲಾಡ್ತಾಳೆ. ಅವಳು ಅಲ್ಲಾಡಿದ್ರೆ ಹಿಂದಿರೋರೆಲ್ಲ ಅಲ್ಲಾಡ್ತಾರೆ. ಇಪ್ಪತ್ತು ವರ್ಷದ ಕೆಲಸ ಅವತ್ತೇ ಮಣ್ಣುಪಾಲು. ತಿಳೀತಾ?"

ಗ್ಲಾಫಿರಾಗೆ ಎರಡೂ ಮಾತು ತಿಳಿದವು. ಪ್ರೇಕ್ಷಕರೇ ಕರೆಯಬೇಕು, ಇಳಿಜಾರಿನ ಹೊತ್ತಿನಲ್ಲಿ ಪ್ರೇಕ್ಷಕರೇ ಸುಮ್ಮನಿರಬೇಕು.

ಅವಳು ಸಂಘದ ಕಚೇರಿಗೆ ಹೋಗಿ ಮೂರನೇ ಅಂತಸ್ತಿನ ನೂರ ಹನ್ನೆರಡು ಟಿಕೆಟುಗಳನ್ನೂ ನಾಲ್ಕನೇ ವಿಭಾಗದ ಹೆಸರಿಗೆ ಬರೆಸಿದಳು. ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ, ಏಕೆಂದರೆ ಜೂನಿನಲ್ಲಿ ಜನರೆಲ್ಲ ಊರಾಚೆಯ ತೋಟಗಳಲ್ಲಿ ಆಲೂಗಡ್ಡೆಗೆ ಮಣ್ಣೇರಿಸುತ್ತಿರುತ್ತಾರೆ. ಆ ಭಾನುವಾರ ಆಲೂಗಡ್ಡೆ ಬಿಟ್ಟು ಬನ್ನಿ ಎಂದು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು.

"ಬ್ಯಾಲೆನಾ?" ಎಂದ ಸವೇಲಿ. "ನಾನು ಒಂದು ಸಲ ಹೋಗಿದ್ದೆ ತಾಯಿ. ಗೊರಕೆ ಹೊಡೆದೆ ಅಂತ ನಮ್ಮೋಳು ಒಂದು ವಾರ ಮಾತಾಡ್ಲಿಲ್ಲ. ನೆಮ್ಮದಿಯಾಗಿತ್ತು."

"ಈ ಸಲ ನಿದ್ದೆ ಮಾಡಿದ್ರೆ ಮಾರನೇ ದಿನ ಎಂಜಿನ್ನು ನಿನ್ನ ನೆತ್ತಿ ಮೇಲೇ ತಂದು ನಿಲ್ಲಿಸ್ತೀನಿ."

"ಬರ್ತೀನಿ ಬಿಡು. ಯಾವಾಗ ಚಪ್ಪಾಳೆ ತಟ್ಬೇಕು ಅನ್ನೋದಾದ್ರೂ ಹೇಳು. ಅಲ್ಲಿ ಎಲ್ಲಾರೂ ಒಂದೇ ಥರ ಇರ್ತಾರೆ, ಮುಗೀತೋ ಇಲ್ವೋ ಗೊತ್ತಾಗಲ್ಲ."

ಇದೇ ಅವಳ ಭಯವೂ ಆಗಿತ್ತು. ಒಳ್ಳೆಯದು ಕಂಡ ಕೂಡಲೇ ಕೈ ತಟ್ಟುವ ಜನ ಇವರು. ಅದೂ ಹಗುರ ಚಪ್ಪಾಳೆಯಲ್ಲ, ಸುತ್ತಿಗೆ ಹಿಡಿದ ಕೈಗಳು. ಎರಡು ವಾರ ಊಟದ ಬಿಡುವಿನಲ್ಲಿ ಅವಳು ಎಂಜಿನ್ ಪೆಟ್ಟಿಗೆಯ ಮೇಲೆ ನಿಂತು ಪಾಠ ಹೇಳಿದಳು. ಬಾಯಲ್ಲಿ ಹೇಳಿದ್ದು ತಲೆಗೆ ಹತ್ತಲಿಲ್ಲ. ಮೂರನೇ ದಿನ ಅವಳು ಬಾಯಿ ಮುಚ್ಚಿ ಕೈಯೆತ್ತಿದಳು. ಅಂಗೈ ಮೇಲೆ. ಇಡೀ ವಿಭಾಗ ಒಟ್ಟಿಗೆ ಚಪ್ಪಾಳೆ ತಟ್ಟಿತು. ಅಂಗೈ ಕೆಳಗೆ ಮಾಡಿ ಅಡ್ಡ ಬೀಸಿದಳು. ಕತ್ತರಿಸಿದಂತೆ ನಿಂತಿತು. ಆ ಸನ್ನೆ ಅವರಿಗೆ ಕಲಿಸಬೇಕಾಗಿರಲಿಲ್ಲ, ಅವರ ಮೈಯಲ್ಲೇ ಇತ್ತು.

"ಇಷ್ಟು ವರ್ಷ ನಾನು ಸನ್ನೆ ಮಾಡ್ತಿದ್ದೆ, ಅವಳು ಕೇಳ್ತಿದ್ಲು," ಎಂದು ಸವೇಲಿ ಕಡುಬು ಅಗಿಯುತ್ತ ಹೇಳಿದ. "ಬಡ್ಡಿ ಸಮೇತ ತೀರಿಸ್ಕೊಳ್ತಿದಾಳೆ ನೋಡ್ರೋ."

ಆ ಭಾನುವಾರ ಮೂರನೇ ಅಂತಸ್ತು ಮದುವೆ ಮನೆಯಂತಿತ್ತು. ಗಂಡಸರು ಇಸ್ತ್ರಿಯ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರು. ಸವೇಲಿಯ ಹೆಂಡತಿ ತಮ್ಮ ತೋಟದ ಲೈಲಾಕ್ ಹೂವಿನ ಐದು ದೊಡ್ಡ ಗೊಂಚಲು ತಂದಿದ್ದಳು. ಗ್ಲಾಫಿರಾ ಮುಂದಿನ ಕಟಕಟೆಗೆ ತಾಗಿ, ಮಧ್ಯದಲ್ಲಿ ಕೂತಳು, ಎಲ್ಲರಿಗೂ ಅವಳ ಬಲಗೈ ಕಾಣುವ ಹಾಗೆ.

ನೆರಳುಗಳ ದೃಶ್ಯ ಬಂತು. ಬೆಳಕು ನೀಲಿಗೆ ತಿರುಗಿತು. ಪಿಟೀಲುಗಳು ಮೆಲ್ಲಗೆ ಎದ್ದವು. ಇಳಿಜಾರಿನ ತುದಿಯಲ್ಲಿ ಆಲ್ಯಾ ಕಾಣಿಸಿಕೊಂಡಳು, ಒಂದು ಕಾಲು ಚಾಚಿ ಬಾಗಿದಳು.

"ಅವಳೇ ಕಣ್ರೋ," ಎಂದು ಯಾರೋ ಪಿಸುಗುಟ್ಟಿದರು. ಬೆಂಚುಗಳು ಕಿರುಗುಟ್ಟಿದವು. ಗ್ಲಾಫಿರಾ ಓರೆಗಣ್ಣಿನಲ್ಲಿ ನೋಡಿದಳು. ನೂರು ಜೊತೆ ಕೈಗಳು ತೊಡೆಯಿಂದ ಮೇಲೆದ್ದಿದ್ದವು. ಸವೇಲಿಯ ಎರಡು ಅಂಗೈಗಳ ನಡುವೆ ಒಂದು ಗೇಣೂ ಉಳಿದಿರಲಿಲ್ಲ. ಅವಳು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಸೀಳಿದಳು.

ನಿಂತಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಒಬ್ಬನೂ ಕೆಮ್ಮಲಿಲ್ಲ.

ಆ ಮೌನದಲ್ಲಿ ಆಲ್ಯಾ ಇಳಿದಳು. ಬಾಗು, ಏಳು, ಎರಡು ಹೆಜ್ಜೆ. ಹಿಂದೆ ಎರಡನೆಯವಳು, ಮೂರನೆಯವಳು. ಇಳಿಜಾರಿನ ಮೇಲೆ ಬಿಳಿ ಗೆರೆಯೊಂದು ತಾನಾಗಿ ಉದ್ದವಾಗುತ್ತ, ತಿರುವಿನಲ್ಲಿ ತಿರುಗುತ್ತ, ನೆಲಕ್ಕೆ ಬಂದು ಸಾಲಾಗಿ ಒಡೆಯಿತು. ಹತ್ತನೆಯ ಸಲ, ಇಪ್ಪತ್ತನೆಯ ಸಲ ಆಲ್ಯಾಳ ಕಾಲು ಅಷ್ಟೇ ಎತ್ತರಕ್ಕೆ ಹೋಯಿತು, ಅಷ್ಟೇ ಹೊತ್ತು ನಿಂತಿತು. ಮೂವತ್ತೆಂಟು ವರ್ಷದ ಹೆಂಗಸು, ಎಡ ಮಂಡಿಗೆ ಬೆಳಿಗ್ಗೆಯಷ್ಟೇ ಪಟ್ಟಿ ಕಟ್ಟಿಕೊಂಡು ಬಂದವಳು. ಅವಳ ಹಿಂದೆ ಹತ್ತೊಂಬತ್ತರ ಹುಡುಗಿಯರು ಅವಳ ಅಳತೆಯಲ್ಲೇ ಉಸಿರಾಡುತ್ತಿದ್ದರು. ಗ್ಲಾಫಿರಾ ಆ ಸಾಲನ್ನು ಹದಿನೇಳು ವರ್ಷದಲ್ಲಿ ಎಷ್ಟೋ ಸಲ ನೋಡಿದ್ದಳು. ಅದು ಇಷ್ಟು ನೇರವಾಗಿದ್ದುದನ್ನು ಒಮ್ಮೆಯೂ ಕಂಡಿರಲಿಲ್ಲ.

"ಎಂಥ ಕೆಲಸ ಇದು," ಎಂದು ಸವೇಲಿ ಗಂಟಲಲ್ಲೇ ಅಂದ. ಅವನ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

ಇಪ್ಪತ್ತನಾಲ್ಕೂ ಜನ ಇಳಿದು, ನಾಲ್ಕು ಸಾಲಿನಲ್ಲಿ ಒಟ್ಟಿಗೆ ಒಂಟಿಕಾಲ ಮೇಲೆ ನಿಂತು, ಒಟ್ಟಿಗೆ ಕಾಲು ಇಳಿಸಿದರು. ಆಗ ಗ್ಲಾಫಿರಾ ಅಂಗೈ ಮೇಲೆ ಮಾಡಿ ಕೈಯೆತ್ತಿದಳು. ಕಾರ್ಖಾನೆ ಬಾಯಿಬಿಟ್ಟ ಹಾಗಾಯಿತು. ಕೆಳಗಿನ ಕುರ್ಚಿಯವರು ಬೆಚ್ಚಿ ತಲೆಯೆತ್ತಿ ನೋಡಿದರು, ಆಮೇಲೆ ತಾವೂ ಸೇರಿಕೊಂಡರು.

ಕೊನೆಯ ಪರದೆ ಬಿತ್ತು. ನಾಯಕ ನಾಯಕಿಯರು ಮುಂದೆ ಬಂದು ಹೂ ತೆಗೆದುಕೊಂಡು ಹೋದರು. ಕೆಳಗಿನವರು ಎಂದಿನಂತೆ ಕೊಡೆ ಚೀಲ ತೆಗೆದುಕೊಳ್ಳಲು ಓಡಿದರು. ಮೂರನೇ ಅಂತಸ್ತು ಏಳಲಿಲ್ಲ. ಅದು ಚಪ್ಪಾಳೆ ತಟ್ಟುತ್ತಲೇ ಇತ್ತು, ಈಗ ತಾಳ ಹಿಡಿದು, ಸುತ್ತಿಗೆ ಬಿದ್ದಂತೆ. ಗ್ಲಾಫಿರಾ ಹೆಸರು ಕೂಗಲು ಗೊತ್ತುಮಾಡಿದ್ದ ಇನ್ನೊಂದು ಸನ್ನೆ ಮಾಡಿದಳು. ನೂರ ಹನ್ನೆರಡು ಕಂಠಗಳು ಒಂದೇ ಹೆಸರು ಹೇಳಿದವು.

"ಬುರ್ದಿನಾ."

ಮತ್ತೆ ತಾಳ. ಮತ್ತೆ ಹೆಸರು. ಕೊಡೆ ಹಿಡಿದವರು ಬಾಗಿಲಿಗೆ ವಾಪಸು ಬಂದು ನಿಂತರು. "ಯಾರ್ರೀ ಅದು ಬುರ್ದಿನಾ?" ಎಂದು ಹಾಳೆ ತಿರುವಿ ಹುಡುಕಿದರು. ಸಿಗದಿದ್ದದ್ದಕ್ಕೇ ಅವರಿಗೆ ಕುತೂಹಲ ಹೆಚ್ಚಿ, ಅವರೂ ತಟ್ಟತೊಡಗಿದರು. ಮೇಳದವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕುವುದನ್ನು ನಿಲ್ಲಿಸಿ, ಪಿಟೀಲಿನ ಕಮಾನಿನಿಂದ ಸ್ವರಹಾಳೆಯ ಪೀಠಗಳನ್ನು ಬಡಿದರು. ನಾಲ್ಕು ನಿಮಿಷ ಕಳೆಯಿತು. ಅಂಗೈಗಳು ಕೆಂಡವಾದವು. ಪರದೆ ಅಲುಗಾಡಲಿಲ್ಲ.

"ಬರ್ತಾಳಾ?" ಎಂದು ಸವೇಲಿಯ ಹೆಂಡತಿ ಕೇಳಿದಳು.

"ತಟ್ಟು," ಎಂದಳು ಗ್ಲಾಫಿರಾ.

ಪರದೆಯ ಸೀಳು ಅಲುಗಿತು. ಉಂಗುರ ತೊಟ್ಟ ಒಂದು ಮುದಿ ಕೈ ಕಂಡಿತು, ಯಾರದೋ ಬೆನ್ನನ್ನು ನೂಕಿತು. ಆಲ್ಯಾ ಹೊರಬಂದಳು. ಬಿಳಿ ಉಡುಪಿನ ಮೇಲೆ ಬೂದು ಬಣ್ಣದ ಉಣ್ಣೆ ಸ್ವೆಟರು ಹೊದ್ದಿದ್ದಳು, ಒಂದು ಪಾದರಕ್ಷೆಯ ರಿಬ್ಬನ್ನು ಬಿಚ್ಚಿಕೊಂಡು ನೆಲದ ಮೇಲೆ ಎಳೆದಾಡುತ್ತಿತ್ತು. ಬಂದವಳು ನಿಂತು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಇಪ್ಪತ್ತು ವರ್ಷ ಅವಳು ನಮಸ್ಕಾರ ಮಾಡಿದ್ದು ಸಾಲಿನಲ್ಲೇ. ಪಕ್ಕದವಳ ಹೆಗಲು ನೋಡದೆ ತಲೆ ಬಾಗಿಸುವುದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟು ದೊಡ್ಡ ಸಭಾಂಗಣ ತಾಳ ನಿಲ್ಲಿಸಿ ಅವಳನ್ನೇ ನೋಡಿತು.

ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಸ್ವೆಟರನ್ನು ಹೆಗಲಿನಿಂದ ಜಾರಿಸಿದಳು. ಪ್ರಧಾನ ನರ್ತಕಿಯರು ಮೊದಲು ಮುಂದಿನ ಕುರ್ಚಿಗಳಿಗೆ ವಂದಿಸುತ್ತಾರೆ. ಆಲ್ಯಾ ಮುಖವೆತ್ತಿ ಮೂರನೇ ಅಂತಸ್ತನ್ನು ನೋಡಿ, ನಿಧಾನವಾಗಿ, ನೆಲ ಮುಟ್ಟುವಷ್ಟು ಬಾಗಿದಳು. ಎಷ್ಟು ಬಾಗಬೇಕು, ಎಷ್ಟು ಹೊತ್ತು ಎಂದು ಯಾರೂ ಅವಳಿಗೆ ಅಳತೆ ಕೊಡಲಿಲ್ಲ. ಅವಳೇ ತೀರ್ಮಾನಿಸಿದಳು. ಮೇಲಿನವರೆಲ್ಲ ಎದ್ದು ನಿಂತರು. ಅವರಿಗೆ ಈಗ ಯಾರ ಸನ್ನೆಯೂ ಬೇಕಿರಲಿಲ್ಲ.

"ಹೂವು ಎಸಿ, ಎಸಿ," ಎಂದು ಸವೇಲಿ ಗ್ಲಾಫಿರಾಳ ತೋಳು ಜಗ್ಗಿದ.

"ಇಷ್ಟು ವರ್ಷದಲ್ಲಿ ಮೇಲಿಂದ ಒಂದು ಮೊಳೆ ಬೀಳಿಸಿದವಳಲ್ಲ ನಾನು. ಹೂವು ಎಸೀತೀನಾ?" ಅವಳು ಲೈಲಾಕನ್ನು ತಬ್ಬಿಕೊಂಡು ಮೂರು ಅಂತಸ್ತಿನ ಮೆಟ್ಟಿಲನ್ನು ಇಳಿದಳು. ಕೆಳಗೆ ವೇದಿಕೆಯ ಬಾಗಿಲಲ್ಲಿ ಕಪಿತೋಲಿನಾ ಲ್ವೊವ್ನಾ ಕೈ ಚಾಚಿ ನಿಂತಿದ್ದಳು.

"ಕೊಡಿ ಇಲ್ಲಿ. ನೀವು ಹೋಗೋ ಹಾಗಿಲ್ಲ."

"ಚೀಟಿ ಇಲ್ಲ," ಎಂದಳು ಏದುಸಿರು ಬಿಡುತ್ತಿದ್ದ ಗ್ಲಾಫಿರಾ.

"ಇನ್ನು ಯಾವ ಚೀಟಿ? ಹೆಸರು ಕೂಗಿ ಕೂಗಿ ನನ್ನ ಕಿವಿ ಕಿತ್ತಿಟ್ರಲ್ಲ." ಅವಳು ಲಂಗದ ನೆರಿಗೆ ಸರಿಪಡಿಸಿಕೊಂಡು, ಕೈಕೆಳಗಿನ ಯಾರನ್ನೂ ಕಳಿಸದೆ, ತಾನೇ ಹೂ ಹೊತ್ತು ವೇದಿಕೆಗೆ ನಡೆದಳು.

ಆ ಚಪ್ಪಾಳೆ ಎಷ್ಟು ಹೊತ್ತು ನಡೆಯಿತು ಎಂಬುದರ ಬಗ್ಗೆ ನಾಲ್ಕನೇ ವಿಭಾಗದಲ್ಲಿ ಒಮ್ಮತವಿಲ್ಲ. ಹನ್ನೊಂದು ನಿಮಿಷ ಎಂದು ಸವೇಲಿ ಹೇಳುತ್ತಾನೆ. ಹಿಂಬಾಗಿಲಲ್ಲಿ ಆಲ್ಯಾ ಲೈಲಾಕಿನ ಮರೆಯಲ್ಲಿ ಹೊರಬಂದಾಗ ಅಲ್ಲಿ ಕಾದಿದ್ದವರು ಮೂವತ್ತಲ್ಲ, ಬೀದಿ ತುಂಬ ಜನ.

"ಮಂಡಿ ಹೇಗಿದೆ?" ಎಂದು ಗ್ಲಾಫಿರಾ ಕೇಳಿದಳು.

"ಇದೆಯೋ ಇಲ್ವೋ ಗೊತ್ತಾಗ್ತಿಲ್ಲ, ತೆರೆಂತ್ಯೆವ್ನಾ. ಇಳಿಯುವಾಗ ಎಷ್ಟು ಸದ್ದಿಲ್ಲದೆ ಇತ್ತು ಅಂದ್ರೆ, ಮೇಲೆ ಯಾರೂ ಬಂದೇ ಇಲ್ಲ ಅಂದ್ಕೊಂಡೆ. ಸಾಲು ಹೇಗಿತ್ತು?"

"ಕೂದಲೆಳೆ ಹಿಡಿದ ಹಾಗಿತ್ತು."

ಮುಂದಿನ ಋತುವಿನಿಂದ ಕಾರ್ಯಕ್ರಮದ ಹಾಳೆಯ ಹಿಂಬದಿಯಲ್ಲಿ ತಂಡದ ಎಲ್ಲರ ಹೆಸರೂ ಸಣ್ಣ ಅಕ್ಷರದಲ್ಲಿ ಅಚ್ಚಾಗತೊಡಗಿತು. ಹೆಸರಿಲ್ಲದವರಿಗೆ ಹೂ ಬಂದರೆ ತನ್ನವರು ಎಲ್ಲಿ ಹುಡುಕಬೇಕು ಎಂದು ಕಪಿತೋಲಿನಾ ಲ್ವೊವ್ನಾಳೇ ಆಡಳಿತದವರ ಬೆನ್ನು ಹತ್ತಿದ್ದಳಂತೆ. ಆಲ್ಯಾ ಈಗ ಚಿಕ್ಕ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಸಾಲಿನಲ್ಲಿ ನಿಲ್ಲುವುದರ ಜೊತೆಗೆ ಒಬ್ಬರೇ ನಮಸ್ಕಾರ ಮಾಡುವುದನ್ನೂ ಕಲಿಸುತ್ತಾಳೆ.

ಗ್ಲಾಫಿರಾ ತೆರೆಂತ್ಯೆವ್ನಾ ಕ್ರೇನಿನಿಂದ ಇಳಿದು ನಾಲ್ಕು ವರ್ಷವಾಯಿತು. ಈಗ ವಾರಕ್ಕೆ ಐದು ದಿನ ಥಿಯೇಟರಿನ ಮೂರನೇ ಅಂತಸ್ತಿನ ಬಾಗಿಲಲ್ಲಿ ಟಿಕೆಟು ನೋಡಿ ಜನರನ್ನು ಕೂರಿಸುತ್ತಾಳೆ.